ರೂತವ್ವನ ಬಾಗಿಲು

ಯಾವ ಕಾಲವೋ, ಯಾರ ಆಳ್ವಿಕೆಯೋ, ಕೇಳಬೇಡಿ. ಬಹಳ ಹಿಂದೆ ಒಂದು ಊರಿತ್ತು, ಆ ಊರಿಗೊಂದು ಒಳಪೇಟೆ ಇತ್ತು. ಹತ್ತಿಯ ಅಂಡಿಗೆ ಮೂಟೆ, ಎತ್ತಿನ ಚಕ್ಕಡಿ, ಧೂಳು. ಗಂಡಸರೆಲ್ಲ ಹಮಾಲಿಗೆ, ಹೆಂಗಸರೆಲ್ಲ ಹತ್ತಿ ಬಿಡಿಸುವ ಜಿನ್ನಿಗೆ. ಶಾಲೆ ಬಿಟ್ಟ ಮಕ್ಕಳು ದೀಪ ಹಚ್ಚುವ ತನಕ ಬೀದಿಯಲ್ಲೇ. ಒಂದು ದಿನ ಒಂದು ಕೂಸಿನ ಕಾಲು ಚಕ್ಕಡಿಯ ಗಾಲಿಗೆ ಸಿಕ್ಕಿತು. ಮಾರನೆಯ ದಿನವೇ ರೂತವ್ವ ಬೀದಿಗಿಳಿದು ಮಕ್ಕಳನ್ನೆಲ್ಲ ಒಳಗೆ ಕರೆದಳು ಅಂತಾರೆ.

ಒಳಗೆ ಅಂದರೆ ಕಿರಿಸ್ತಾನರ ಪ್ರಾರ್ಥನೆಯ ಮನೆಗೆ. ಅಲ್ಲಿ ಕಸ ಹೊಡೆಯುವುದು, ಗಂಟೆ ಬಾರಿಸುವುದು ಅವಳ ಕೆಲಸ. ಮಕ್ಕಳಿಗೆ ಅಕ್ಷರ ತಿದ್ದಿಸಿದಳು, ಮಗ್ಗಿ ಹೇಳಿಸಿದಳು, ಗುಗ್ಗರಿ ಕುದಿಸಿ ಹಂಚಿದಳು. ಅವಳ ಗಡಿಗೆಯಲ್ಲಿ ಗುಗ್ಗರಿ ಎಂದೂ ತೀರುತ್ತಿರಲಿಲ್ಲ ಅಂತಾರೆ. ತೀರದೆ ಏನು? ತೀರಿದ ದಿನ ತಾನು ತಿನ್ನುತ್ತಿರಲಿಲ್ಲ, ಅಷ್ಟೆ.

ಪೇಟೆಯವರಿಗೆ ಸಂಶಯ ಬಂತು. ಬಾರದೇ ಇದ್ದೀತೇ? ಯಾರೂ ಸುಮ್ಮನೆ ಯಾರಿಗೂ ಏನೂ ಕೊಡದ ಪೇಟೆ ಅದು.

ಎಲ್ಲರಿಗಿಂತ ಹೆಚ್ಚು ಸಂಶಯ ಹಮಾಲ ಯಮನೂರಪ್ಪನಿಗೆ. ಹೆಂಡತಿ ಸತ್ತಿದ್ದಳು. ಇದ್ದವಳು ಒಬ್ಬಳೇ ಮಗಳು, ಹುಲಿಗೆವ್ವ, ಒಂಬತ್ತು ವರ್ಷದವಳು. ಅವಳೂ ರೂತವ್ವನ ಕಡೆ ಹೋಗುತ್ತಿದ್ದಳು. ಮಗಳು ಕೈತಪ್ಪಿ ಹೋದಾಳು ಎಂಬುದೇ ಅವನ ಹೆದರಿಕೆ.

ಚಕ್ಕಡಿ ಹೊಡೆಯುವ ಕಾಶೀಮಸಾಬ ಅವನನ್ನು ಕೆಣಕಿದ. “ಯಮನೂರಾ, ಆಕಿ ಬಾಗಲಾ ಹಾಕ್ಕೊಂಡು ಒಳಗ ಏನ್ ಮಾಡ್ತಾಳ ಅಂತ ನೋಡೀಯೇನು? ನಾಳೆ ನಿನ್ನ ಮಗಳು ನಿಮ್ಮ ದೇವಿ ಹುಲಿಗೆಮ್ಮಗ ಕೈಮುಗೀದಿದ್ರ ನನ್ನ ಕೇಳಬ್ಯಾಡ!”

“ನಿನ್ನ ಮಗನೂ ಅಲ್ಲೇ ಅದಾನಲ್ಲೋ!”

“ಅದಕ್ಕ ನನಗೂ ನಿದ್ದಿ ಇಲ್ಲೋ ಮಾರಾಯಾ.”

ಇಬ್ಬರೂ ಇನ್ನಷ್ಟು ಮಂದಿಯನ್ನು ಕೂಡಿಸಿಕೊಂಡು ಹೋದರು. ಬಾಗಿಲು ಯಾಕೆ ಮುಚ್ಚುತ್ತೀ ಎಂದು ಕೇಳಿದರು. ಹತ್ತಿಯ ಧೂಳಿಗೆ ಮಕ್ಕಳು ಕೆಮ್ಮುತ್ತವೆ ಅಂದಳು. ಯಾರೂ ನಂಬಲಿಲ್ಲ. ಆಗ ರೂತವ್ವ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಾಗಿಲನ್ನೇ ಕೀಲಿನಿಂದ ಎತ್ತಿ ಬೆನ್ನ ಮೇಲೆ ಹೊತ್ತಳು. ಸಾಗವಾನಿಯ ಬಾಗಿಲು, ಮೂರಾಳು ಎತ್ತಲಾರದ್ದು ಅಂತಾರೆ. ಐದಾಳು ಅನ್ನುವವರೂ ಇದ್ದಾರೆ. ಅದನ್ನು ಹೊರಗೆ ತಂದು, ಹೊಸ್ತಿಲಿಗೆದುರಾಗಿ ಎರಡು ಕಲ್ಲಿನ ಮೇಲೆ ಅಡ್ಡ ಹಾಕಿದಳು.

“ಸಂಶೇ ಇದ್ದವ್ರು ಇದರ ಮ್ಯಾಲ ಕುಂಡ್ರ್ರಿ,” ಅಂದಳು. “ದಿನಾ ಕುಂಡ್ರ್ರಿ.”

ಉಳಿದವರು ಎರಡು ದಿನ ಕೂತು ಬೇಸತ್ತು ಎದ್ದುಹೋದರು. ಯಮನೂರಪ್ಪ ಏಳಲಿಲ್ಲ. ಸಂತೆಯ ದಿನವೊಂದನ್ನು ಬಿಟ್ಟು, ಅಂಡಿಗೆ ಹೊತ್ತು ಮುಗಿದ ಕೂಡಲೆ ಬಂದು ಬಾಗಿಲ ಮೇಲೆ ಕೂರುತ್ತಿದ್ದ. ಕೂತು ನೋಡುತ್ತಿದ್ದ.

ಹಾಡು ಕೇಳಿಸಿತು. ಅದು ಅವಳ ದೇವರ ಹಾಡು. ಹಾಡುವವರು ಹಾಡ್ರಿ, ಬ್ಯಾಡಾದವರು ಮಗ್ಗಿ ಬರೀರಿ ಅನ್ನುತ್ತಿದ್ದಳು. ಅದು ಅವನಿಗೆ ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಬೇರೆ. ಮಕ್ಕಳು ಒಳಗೆ ಕಾಲಿಡುವಾಗ ರೂತವ್ವ ಹೊಸ್ತಿಲಲ್ಲಿ ಬಗ್ಗಿ ಒಂದೊಂದು ಮಗುವಿನ ಕಿವಿಯಲ್ಲೂ ಏನೋ ಊದುತ್ತಿದ್ದಳು. ಮಗು ತಿರುಗಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿತ್ತು. ಆಮೇಲೆ ಗುಗ್ಗರಿ. ಕೆಲವರಿಗೆ ಒಂದು ಮುಷ್ಟಿ, ಕೆಲವರಿಗೆ ಎರಡು.

ಯಾಕೆ ಎರಡು? ಯಮನೂರಪ್ಪ ಲೆಕ್ಕ ಹಾಕಿದ. ಅವಳ ದೇವರನ್ನು ಒಪ್ಪಿದವರಿಗೆ ಎರಡು, ಒಪ್ಪದವರಿಗೆ ಒಂದು. ಹಾಗೆಂದು ನಿಕ್ಕಿ ಮಾಡಿಕೊಂಡ. ಮಾಡಿಕೊಂಡ ದಿನವೇ ಹುಲಿಗೆವ್ವನ ಉಡಿಗೆ ಎರಡು ಮುಷ್ಟಿ ಬಿತ್ತು. 

ಮನೆಗೆ ಬಂದು ಮಗಳನ್ನು ಕೇಳಿದ. ಆಕೆ ಕಿವಿಯಲ್ಲಿ ಏನು ಹೇಳುತ್ತಾಳೆ?

“ಅದನ್ನ ಹೇಳಬಾರದಪ್ಪಾ.”

“ಯಾಕ ಹೇಳಬಾರದು?”

“ಮಾತು ಕೊಟ್ಟೇವಿ. ಎಲ್ಲಾರೂ.”

ಗದರಿಸಿದ, ಪುಸಲಾಯಿಸಿದ, ಹುಲಿಗೆಮ್ಮನ ಆಣೆ ಹಾಕಿದ. ಮಗಳು ಬಾಯಿ ಬಿಡಲಿಲ್ಲ. ಅಲ್ಲಿಗೆ ಅವನ ಸಂಶಯ ಗಟ್ಟಿಯಾಯಿತು. ಆಮೇಲೆ ಕೂತ ದಿನವೆಲ್ಲ ಎಣಿಸಿದ. ಮಗಳಿಗೆ ಎರಡು ಮುಷ್ಟಿ ಬೀಳುತ್ತಿದ್ದದ್ದು ವಾರಕ್ಕೊಂದೇ ಸಲ, ಸಂತೆಯ ಮರುದಿನ. ಅದೇನು ಆ ದಿನದ ವಿಶೇಷ, ಅವರ ಹಬ್ಬವೋ ವ್ರತವೋ, ಅವನಿಗೆ ಬಗೆಹರಿಯಲಿಲ್ಲ.

ನಾಲ್ಕನೆಯ ಸಂತೆಯ ಮರುದಿನ ಅವನು ಬಾಗಿಲ ಮೇಲಿನಿಂದ ಎದ್ದು ನೆಟ್ಟಗೆ ಹೊಸ್ತಿಲಿಗೆ ಹೋದ. ಮಕ್ಕಳು ಆಗಲೇ ಸಾಲಾಗಿ ನಿಂತಿದ್ದವು. ಇವತ್ತು ಮಗಳನ್ನು ಎಳೆದುಕೊಂಡೇ ಹೋಗುವುದು ಎಂದು ಬಂದಿದ್ದ.

“ಏನ್ ಊದ್ತೀಬೇ ನನ್ನ ಮಗಳ ಕಿವ್ಯಾಗ?”

ರೂತವ್ವ ಅವನನ್ನು ನೋಡಿದಳು. ಗುಗ್ಗರಿಯ ಗಡಿಗೆ ಅವನ ಕೈಗೆ ಕೊಟ್ಟಳು.

“ಇಲ್ಲೆ ನಿಂದ್ರು. ಒಂದೊಂದ ಕೂಸಿನ ಕಿವ್ಯಾಗ ಸಣ್ಣಗ ಕೇಳು, ರಾತ್ರಿ ಉಂಡಿಯೇನು ಅಂತ. ಹೌದಂದ್ರ ಒಂದು, ಇಲ್ಲಂದ್ರ ಎರಡು. ಮಂದಿಗೆ ಕೇಳಿಸಬಾರದು, ಪಾಪ, ಅವಕ್ಕ ನಾಚಿಕಿ.”

ಇಷ್ಟೇ. ಇಷ್ಟೇ ಇದ್ದದ್ದು.

ಯಮನೂರಪ್ಪ ಬಗ್ಗಿದ. ಮೊದಲ ಮಗು ಉಂಡಿದ್ದೇನೆ ಅಂದಿತು. ಎರಡನೆಯದು ಇಲ್ಲ ಅಂದಿತು. ಮೂರನೆಯವನು ಕಾಶೀಮಸಾಬನ ಮಗ, ಉಂಡಿದ್ದೇನೆ ಅಂದು ಎರಡು ಕೊಡು ಎಂದೂ ಕೇಳಿದ. ನಾಲ್ಕನೆಯವಳು ಹುಲಿಗೆವ್ವ.

ಅವನಿಗೆ ಆಗ ನೆನಪಾಯಿತು. ಸಂತೆ ದಿನ ಹಮಾಲರಿಗೆ ಕೂಲಿಯ ಬಟವಾಡೆ. ಬಟವಾಡೆಯ ದಿನ ಅವನ ಕಾಲು ನೇರ ಸೆರೆ ಕುಡಿಯುವ ಅಂಗಡಿಗೆ. ಆ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನಿನ್ನೆಯೂ ಹೊತ್ತಿರಲಿಲ್ಲ.

ಬಗ್ಗಿ ಕೇಳಿದ. ಅವನ ದನಿ ಅವನಿಗೇ ಕೇಳಿಸಲಿಲ್ಲ ಅಂತಾರೆ.

ಹುಲಿಗೆವ್ವ ಅಪ್ಪನ ಮುಖ ನೋಡಿದಳು. ಅವನ ಕಿವಿಗೆ ಬಾಯಿ ಹಚ್ಚಿದಳು.

“ಹೂಂ, ಉಂಡೇನಪ್ಪಾ,” ಅಂದಳು.

ಯಮನೂರಪ್ಪ ಮಗಳ ಉಡಿಗೆ ಎರಡು ಮುಷ್ಟಿ ಗುಗ್ಗರಿ ಹಾಕಿದ. ಗಡಿಗೆ ಕೆಳಗಿಟ್ಟ. ಹೊರಗೆ ಹೋಗಿ ಬಾಗಿಲ ಮೇಲೆ ಕೂತ.

ಅವತ್ತಿಗೆ ಅವನ ಸಂಶಯ ಹೋಯಿತು ಅನ್ನುವವರಿದ್ದಾರೆ. ಸುಳ್ಳು. ಹೋಗಲಿಲ್ಲ. ರೂತವ್ವನ ಹಾಡಿಗೆ ಅವನು ಸಾಯುವ ತನಕ ಕಿವಿಗೊಟ್ಟೇ ಕೂತ. ಆದರೆ ಮುಂದಿನ ಸಂತೆಯ ದಿನವೂ ಬಂದು ಅಲ್ಲೇ ಕೂತ. ದೀಪ ಹಚ್ಚಿದ ಮೇಲೆ ಮಗಳ ಕೈ ಹಿಡಿದುಕೊಂಡೇ ಎದ್ದ. ತನ್ನ ಕಾಲಿನ ಮೇಲೆ ಅವನಿಗೆ ಎಲ್ಲರಿಗಿಂತ ಹೆಚ್ಚು ಸಂಶಯವಿತ್ತು.

ಪೇಟೆಯೇನೂ ಒಂದೇ ದಿನಕ್ಕೆ ಒಳ್ಳೆಯದಾಗಲಿಲ್ಲ. ನಮ್ಮ ಮಕ್ಕಳು ಅಲ್ಲಿಗೆ ಯಾಕೆ ಹೋಗಬೇಕು ಎಂದು ಮಠದವರು ಒಂದು ಸಂಜೆಯ ಶಾಲೆ ತೆರೆದರು. ಮಠದ್ದು ನೋಡಿ ಕಾಶೀಮಸಾಬನ ಮಂದಿ ಮಸೀದಿಯ ಪಡಸಾಲೆಯಲ್ಲಿ ತೆರೆದರು. ಅದನ್ನು ನೋಡಿ ಭಜನೆಯವರು ತೆರೆದರು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇಲ್ಲದೆ ಏಳು ಓಣಿಯಲ್ಲಿ ಏಳು ಶಾಲೆಯಾದವು. ಬೀದಿಯಲ್ಲಿ ಒಂದು ಮಗುವೂ ಉಳಿಯಲಿಲ್ಲ. ಆದರೆ ಮಕ್ಕಳನ್ನು ಕಳಿಸುವ ಮೊದಲು ತಾಯಂದಿರು ಎಲ್ಲ ಕಡೆಯೂ ಒಂದೇ ಮಾತು ಕೇಳಿದರು: ಬಾಗಿಲು ಎಲ್ಲಿ ಹಾಕಿದ್ದೀರಿ? ಏಳು ಕಡೆಯೂ ಬಾಗಿಲು ಕಿತ್ತರು, ಹೊರಗೆ ಕಲ್ಲಿನ ಮೇಲೆ ಅಡ್ಡ ಹಾಕಿದರು.

ಈಗಲೂ ಆ ಪೇಟೆಯ ಸಂಜೆಯ ಶಾಲೆಗಳಿಗೆ ಬಾಗಿಲಿಲ್ಲ. ಹೊರಗಿನ ಹಲಗೆಗೆ ರೂತವ್ವನ ಬಾಗಿಲು ಅಂತಲೇ ಹೆಸರು. ದಿನಕ್ಕೊಬ್ಬ ತಂದೆಯೋ ತಾಯಿಯೋ ಅದರ ಮೇಲೆ ಕೂತು ಒಳಗೆ ಕಣ್ಣಿಟ್ಟಿರುತ್ತಾರೆ. ಅಲ್ಲಿ ಸಂಶಯಪಟ್ಟವರನ್ನು ಯಾರೂ ಬೈಯುವುದಿಲ್ಲ. ಹೊಸದಾಗಿ ಬಂದು ಕೂತವರನ್ನು ಮಾತ್ರ ಒಂದು ದಿನ ಹೊಸ್ತಿಲಿಗೆ ಕರೆದು, ಗುಗ್ಗರಿಯ ಗಡಿಗೆ ಕೈಗೆ ಕೊಟ್ಟು, ಅವರ ಮಗುವನ್ನೇ ಎದುರಿಗೆ ನಿಲ್ಲಿಸುತ್ತಾರೆ. ಅವರು ಬಗ್ಗಿ ಕೇಳಬೇಕು. ಮಗು ಏನಾದರೂ ಹೇಳಲಿ, ಆ ದಿನ ಎರಡು ಮುಷ್ಟಿ.