ದ್ಯಾಮವ್ವ ಹಾಕದ ಸಹಿ

ಒಂದು ಶಾಲೆಯಲ್ಲಿ ಏಳು ಮಂದಿ ಕೆಲಸದವರಿದ್ದರು. ಅಡುಗೆಯವರು, ಆಯಾ, ಜವಾನ, ಕಾವಲುಗಾರ, ಹೀಗೆ. ಏಳೇ ಮಂದಿಯಾದರೂ ಅವರಿಗೊಂದು ಸಂಘವಿತ್ತು. ಜವಾನ ಚನ್ನಬಸಪ್ಪ ಅದರ ಅಧ್ಯಕ್ಷ. ಏಳೂ ಜನ ಸಹಿ ಹಾಕದೆ ಯಾವ ಅರ್ಜಿಯೂ ಹೆಡ್‌ಮಾಸ್ತರ ಮೇಜಿಗೆ ಹೋಗಬಾರದು ಎಂಬುದು ಸಂಘದ ಕಟ್ಟುಪಾಡು.

ಬಿಸಿಯೂಟದ ಮುಖ್ಯ ಅಡುಗೆಯವಳು ದ್ಯಾಮವ್ವ. ಅವಳ ಸಾರು ಅಂದರೆ ಮಕ್ಕಳು ತಟ್ಟೆ ನೆಕ್ಕುತ್ತಿದ್ದರು. ಬಾಯಿ ಮಾತ್ರ ಒಗ್ಗರಣೆಯ ಸಾಸಿವೆ, ಚಟಪಟ!

ಒಂದು ದಿನ ಆಯಾ ಹುಸೇನಬಿಗೆ ಕುತ್ತು ಬಂತು. ಒಂಬತ್ತಕ್ಕೆ ತೆರೆಯುವ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಅವಳು ದಿನಾ ಕಾಲು ತಾಸು ತಡ. ಹೆಡ್‌ಮಾಸ್ತರು ಕೆಂಪು ಗೆರೆ ಎಳೆದೂ ಎಳೆದೂ ಸಾಕಾಗಿ, "ನಾಳೆಯಿಂದ ಬರಬ್ಯಾಡ. ಶನಿವಾರ ಬ್ಯಾರೆ ಆಯಾನ್ನ ತಗೋತೀನಿ" ಅಂದುಬಿಟ್ಟರು.

ಚನ್ನಬಸಪ್ಪ ಅರ್ಜಿ ಬರೆದ. ಆರು ಸಹಿ ಬಿದ್ದವು. ದ್ಯಾಮವ್ವ ಮಾತ್ರ ಸೌಟು ಎತ್ತಿ, "ಹೊತ್ತಾಗಿ ಬರಾಕಿಗೆ ನಾ ಯಾಕ ಸಹಿ ಹಾಕ್ಲಿ? ನಾ ಹೊತ್ತಿಗೆ ಸರಿಯಾಗಿ ಬರೂದಿಲ್ಲೇನು?" ಎಂದಳು.

ಮರುದಿನ ದ್ಯಾಮವ್ವ ಅಕ್ಕಿ ತೊಳೆಯಲು ಹೋದರೆ ನೀರಿನ ಡ್ರಮ್ಮು ಖಾಲಿ! ತಳದಲ್ಲಿ ಒಂದು ತಂಬಿಗೆ ನೀರೂ ಇಲ್ಲ.

"ಇದನ್ನ ಯಾರು ತುಂಬ್ತಿದ್ರೋ ಚನ್ನಬಸಪ್ಪಾ?"

"ಅಯ್ಯ ನಿನ್ನ! ನೀರು ತುಂಬೂದು ನಿನ್ನ ಕೆಲಸ. ನನ್ನ ಕೇಳ್ತೀಯಲ್ಲ?"

ದ್ಯಾಮವ್ವನಿಗೆ ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಅವಳಿಗೆ ಮೊಣಕಾಲು ನೋವು ಬಂದಿತ್ತು. "ಎಂಟು ದಿನ ನಾ ತುಂಬ್ತೀನಿ ಅಕ್ಕಾ" ಎಂದಿದ್ದಳು ಹುಸೇನಬಿ. ಎಂಟು ದಿನಕ್ಕೆ ನೋವು ಹೋಯಿತು. ಡ್ರಮ್ಮು ಆಮೇಲೂ ತುಂಬಿಯೇ ಇರುತ್ತಿತ್ತು, ದ್ಯಾಮವ್ವ ಮರೆತೇಬಿಟ್ಟಳು.

ಕೊಡ ಹಿಡಿದು ಬೀದಿ ನಳಕ್ಕೆ ಓಡಿದಳು. ಅಲ್ಲಿ ನೀರು ಬರುವುದೇ ಒಂಬತ್ತಕ್ಕೆ ಕಾಲು ತಾಸು ಇರುವಾಗ, ಅರ್ಧ ತಾಸಿಗೆ ನಿಂತೂ ಬಿಡುತ್ತದೆ. ಎಂಟು ಕೊಡ ಹೊತ್ತು, ಏದುಸಿರು ಬಿಡುತ್ತಾ ಸಹಿ ಹಾಕಲು ಹೋದಾಗ ಒಂಬತ್ತೂ ಕಾಲು.

"ಏನವ್ವಾ, ಹುಸೇನಬಿ ಜಡ್ಡು ನಿನಗೂ ಹತ್ತಿತೇನು?" ಎಂದು ಹೆಡ್‌ಮಾಸ್ತರು ಸರ್ರನೆ ಕೆಂಪು ಗೆರೆ ಎಳೆದರು.

ಸಂಜೆ ಅವಳು ಹುಸೇನಬಿಯ ಮನೆಗೆ ಹೋದಳು. "ನೀರಿನ ಸಲುವಾಗಿ ತಡ ಅಂತ ಯಾಕ ಹೇಳ್ಲಿಲ್ಲ?"

"ಕೊಡ ಹೊತ್ರ ನಿನ್ನ ನೋವು ತಿರುಗಿ ಬಂದೀತು ಅಂತ ನಾನ ತುಂಬ್ತಿದ್ದೆ. ಹೇಳಿದ್ರ ನಿನ್ನ ಮ್ಯಾಲೆ ಬರ್ತಿತ್ತಲ್ಲಕ್ಕಾ. ಕಾಲು ನೋವಿನಾಕಿ ಅಂತ ನಿನ್ನ ತಗದುಬಿಟ್ಟಿದ್ರ?"

ದ್ಯಾಮವ್ವನಿಗೆ ನಾಚಿಕೆಯಾಯಿತು. ಭಯವೂ ಆಯಿತು. ನಿಜ ಹೇಳಿದರೆ ತನ್ನ ಕೆಲಸವೇ ಹೋಗಬಹುದು, ಹೇಳದಿದ್ದರೆ ಹುಸೇನಬಿಯದು ಹೋಗುತ್ತದೆ. ಶುಕ್ರವಾರ ಇದೇ ಚಿಂತೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಪಾಪ, ಮಕ್ಕಳು ನೀರು ಕುಡಿದದ್ದೇ ಕುಡಿದದ್ದು!

ಶನಿವಾರ ಬೆಳಿಗ್ಗೆ ಅವಳು ಅರ್ಜಿಗೆ ಸಹಿ ಹಾಕಿ, ಎಲ್ಲರ ಜೊತೆ ಹೆಡ್‌ಮಾಸ್ತರ ಮುಂದೆ ನಿಂತಳು.

"ಸಹಿ ಏನೋ ಏಳು ಅದಾವು. ಆದ್ರ ಆಕಿ ತಡ ಯಾಕ ಮಾಡ್ತಿದ್ಲು?" ಎಂದು ಕೇಳಿದರು ಅವರು.

ದ್ಯಾಮವ್ವ ಮುಂದೆ ಬಂದಳು. "ನನ್ನ ಕೆಲಸ ಆಕಿ ಮಾಡ್ತಿದ್ಲು ಸರ. ಎರಡು ವರ್ಷ ನೀರು ತುಂಬಿದಾಕಿ ಆಕಿ. ಆ ಕೆಂಪು ಗೆರಿ ಎಲ್ಲಾ ನನ್ನ ಹೆಸರಿಗೆ ಹಾಕ್ರಿ."

"ನಿನ್ನ ಕೆಲಸ ಹೋದರ?"

"ಹೋಗ್ಲಿ ಸರ. ಮಾಡಿದಾಕಿದು ಹೋಗಬಾರದು."

ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ನಕ್ಕುಬಿಟ್ಟರು. "ಎರಡು ವರ್ಷ ಅದೇ ನೀರಿನ ಅನ್ನ ನಾನೂ ಉಂಡೀನಿ. ಯಾರು ತುಂಬ್ತಾರ ಅಂತ ಒಂದು ದಿನಾನೂ ಕೇಳ್ಲಿಲ್ಲ. ಹಂಗಾದ್ರ ಒಂದು ಗೆರಿ ನನಗೂ ಬೀಳಬೇಕಲ್ಲ!"

ಯಾರ ಕೆಲಸವೂ ಹೋಗಲಿಲ್ಲ. ನಳಕ್ಕೆ ನೀರು ಬರುವ ಮೊದಲೇ ಹಾಜರಿ ಪುಸ್ತಕ ತೆರೆಯಬೇಕು, ಮೊದಲು ಸಹಿ, ಆಮೇಲೆ ನೀರು ಎಂದು ಹೊಸ ಕ್ರಮ ಬಂತು. ಸೋಮವಾರ ನಳದ ಹತ್ತಿರ ಇಬ್ಬರು ಹೆಂಗಸರು ನಗುತ್ತಾ ಕೊಡ ತುಂಬುತ್ತಿದ್ದರು. ಒಬ್ಬಳ ಬಾಯಿ ಚಟಪಟ ನಡೆದೇ ಇತ್ತು.

ನೀತಿ: ನಮ್ಮ ಕೆಲಸ ಸಲೀಸಾಗಿ ನಡೆಯುತ್ತಿದ್ದರೆ ಅದರ ಹಿಂದೆ ಇನ್ನೊಬ್ಬರ ಬೆವರಿರುತ್ತದೆ. ಜೊತೆಗಾರರ ತಪ್ಪು ಎಣಿಸುವ ಮೊದಲು ಅವರ ಉಪಕಾರವನ್ನು ನೆನೆಯಬೇಕು. ನೆನಪಾದ ಮೇಲೆ ಅದನ್ನು ನಾಲ್ಕು ಜನರೆದುರು ಹೇಳುವ ಧೈರ್ಯವೂ ಬೇಕು.