ಮೂರನೆಯ ಗುರುವಾರದ ದೋಷ

ತಿಪಟೂರಿನಲ್ಲಿ ಸರ್ವಮಂಗಳಮ್ಮ ಎಂಬ ಟೀಚರಿದ್ದರು. ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯ ಮಕ್ಕಳ ಕಿವಿ ಹಿಂಡಿ ನಿವೃತ್ತರಾದ ವರ್ಷವೇ ಅವರ ಕಣ್ಣು ಹೋಯಿತು. ಮೊದಮೊದಲು ನೋಡಲು ಬಂದವರು ಬಹಳ ಮಂದಿ. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾದರು. ಯಾರನ್ನೂ ದೂರುವಂತಿಲ್ಲ, ಎಲ್ಲರಿಗೂ ಅವರವರ ಕೆಲಸ. ಕೊನೆಗೆ ಆ ಮನೆಯಲ್ಲಿ ಮಾತಾಡುವುದೆಂದರೆ ರೇಡಿಯೊ ಒಂದೇ. ಅದಕ್ಕೋ, ಇವರ ಮಾತು ಕೇಳುವ ವ್ಯವಧಾನವಿಲ್ಲ.

ಹೀಗಿರುವಾಗ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ತಸ್ನೀಮ್ ಎಂಬ ಸಂಶೋಧಕಿ ಬಂದಳು. ಅವಳ ಬಳಿ ಒಂದು ಕನ್ನಡಕವಿತ್ತು. ಅದಕ್ಕೆ ಪುಟ್ಟ ಕ್ಯಾಮೆರಾ, ಕಿವಿಯ ಹತ್ತಿರ ಪುಟ್ಟ ಸ್ಪೀಕರ್. ಅಚ್ಚಾದ ಕಾಗದ ಮುಂದೆ ಹಿಡಿದರೆ ಕನ್ನಡದಲ್ಲಿ ಓದಿ ಹೇಳುತ್ತದೆ.

"ವಾರವೆಲ್ಲ ಇದನ್ನ ಹಾಕ್ಕೊಂಡು ನೋಡಿ ಟೀಚರ್. ಎಲ್ಲೆಲ್ಲಿ ತಪ್ಪಾಗುತ್ತೆ ಹೇಳಿ. ಪ್ರತಿ ಗುರುವಾರ ಬಂದು ಬರ್ಕೊಂಡು ಹೋಗ್ತೀನಿ" ಎಂದಳು.

ತಪ್ಪುಗಳಿಗೇನು ಕೊರತೆಯಿರಲಿಲ್ಲ. ಮಾತ್ರೆಯ ಹಾಳೆ ಸ್ವಲ್ಪ ಮಿನುಗಿದರೂ ಕನ್ನಡಕ ಸುಮ್ಮನಾಗಿಬಿಡುತ್ತಿತ್ತು. ಲಗ್ನಪತ್ರಿಕೆ ಹಿಡಿದರೆ ಗಣಪತಿಯ ಸೊಂಡಿಲಿನಲ್ಲೂ ಅಕ್ಷರ ಹುಡುಕಿ ಒದ್ದಾಡುತ್ತಿತ್ತು. ಟೀಚರು ಒಂದನ್ನೂ ಬಿಡದೆ ಹೇಳಿದರು, ತಸ್ನೀಮ್ ಒಂದನ್ನೂ ಬಿಡದೆ ತಿದ್ದಿದಳು. ಬರೆದುಕೊಂಡ ಕೂಡಲೇ ಅವಳು ಏಳುತ್ತಲೂ ಇರಲಿಲ್ಲ. ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಹಾಸ್ಟೆಲಿನ ನೀರು ಸಾರನ್ನು ಬೈಯುವಳು, ಟೀಚರ ಶಾಲೆಯ ಕಥೆ ಕೇಳಿ ಬಿದ್ದುಬಿದ್ದು ನಗುವಳು. ವಾರಕ್ಕೆ ಏಳು ದಿನವೆಂದು ಮಕ್ಕಳಿಗೆ ಕಲಿಸಿದ ಟೀಚರಿಗೆ ಈಗ ವಾರಕ್ಕೆ ಒಂದೇ ದಿನ.

ಹತ್ತು ತಿಂಗಳಲ್ಲಿ ಕನ್ನಡಕ ಜಾಣತನ ಕಲಿಯಿತು.

"ಇನ್ನು ಸತತವಾಗಿ ಮೂರು ಗುರುವಾರ ಒಂದೂ ದೋಷ ಇಲ್ಲ ಅಂದ್ರೆ ಪರೀಕ್ಷೆ ಮುಗೀತು ಟೀಚರ್! ಕಣ್ಣು ಕಾಣದೆ ನಮ್ಮ ಪಟ್ಟಿಯಲ್ಲಿ ಕಾಯ್ತಿರೋ ನಲವತ್ತು ಜನಕ್ಕೂ ಕನ್ನಡಕ ಕೊಡ್ತೀವಿ" ಎಂದಳು ತಸ್ನೀಮ್.

"ಆಮೇಲೆ ನೀನು?"

"ನಂಗಿನ್ನೇನು ಕೆಲಸ ಇಲ್ಲಿ? ನಿಮಗೂ ನನ್ನ ಕಾಟ ತಪ್ಪುತ್ತೆ ಬಿಡಿ."

ಅಂದರೆ ವಾರಕ್ಕಿದ್ದ ಆ ಒಂದು ದಿನವೂ ಹೋಯಿತು ಎಂದು ಟೀಚರು ಲೆಕ್ಕ ಹಾಕಿದರು.

ಮೊದಲ ಗುರುವಾರ ದೋಷವಿಲ್ಲ. ಎರಡನೆಯ ಗುರುವಾರವೂ ಇಲ್ಲ. ಮೂರನೆಯ ಗುರುವಾರ ಟೀಚರು ತಲೆ ತಗ್ಗಿಸಿ, "ಮೊನ್ನೆ ಕರೆಂಟ್ ಬಿಲ್ ಓದ್ಲೇ ಇಲ್ಲ ಕಣಮ್ಮ" ಎಂದರು. ಹಸಿ ಸುಳ್ಳು. ತಸ್ನೀಮ್ ಅಲ್ಲೇ ಬಿಲ್ಲು ಹಿಡಿದು ನೋಡಿದಳು, ಕನ್ನಡಕ ಚೆನ್ನಾಗಿಯೇ ಓದಿತು. "ಈಗ ಓದುತ್ತೆ, ಅವತ್ತು ಓದ್ಲಿಲ್ಲ" ಎಂದರು ಟೀಚರು. ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು.

ಹೀಗೇ ಐದು ತಿಂಗಳು. ಚೆನ್ನಾಗಿ ಬರೆದ ಮಗುವನ್ನು ಸರ್ವಿಸಿನಲ್ಲಿ ಒಮ್ಮೆಯೂ ಫೇಲು ಮಾಡದ ಟೀಚರು, ಪಾಸಾದ ಕನ್ನಡಕವನ್ನು ಮೂರು ವಾರಕ್ಕೊಮ್ಮೆ ಫೇಲು ಮಾಡುತ್ತಿದ್ದರು. ನಾಚಿಕೆಯಾಗದೆ ಇರಲಿಲ್ಲ. ಆದರೆ ಗೇಟಿನ ಸದ್ದು ಕೇಳಿದೊಡನೆ ನಾಚಿಕೆ ಎಲ್ಲಿಗೋ ಹೋಗಿಬಿಡುತ್ತಿತ್ತು.

ಒಂದು ಗುರುವಾರ ತಸ್ನೀಮ್ ಅವಲಕ್ಕಿ ಮುಟ್ಟಲಿಲ್ಲ.

"ದೋಷ ಎಲ್ಲಿದೆ ಅಂತ ಸಿಗ್ತಾನೇ ಇಲ್ಲ ಟೀಚರ್. ಎಲ್ಲ ಬಿಚ್ಚಿ ಮೊದಲಿಂದ ಮಾಡು ಅಂದ್ರು ನಮ್ಮ ಸರ್. ಇನ್ನೊಂದು ವರ್ಷ ಹಿಡಿಯುತ್ತೆ. ಇನ್ಮೇಲೆ ಸೋಮವಾರಾನೂ ಬರ್ತೀನಿ."

ಸೋಮವಾರವೂ! ಟೀಚರಿಗೆ ಒಳಗೊಳಗೇ ಖುಷಿಯಾಯಿತು. ಆಗಲಿಲ್ಲವೆಂದರೆ ಅದೂ ಸುಳ್ಳಾಗುತ್ತದೆ.

ತಸ್ನೀಮ್ ಕನ್ನಡಕದ ಸ್ಕ್ರೂ ಬಿಚ್ಚಲು ಕೂತಳು. ಎರಡೂ ಕೈಗೆ ಕೆಲಸವಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು, ಪಟ್ಟಿಯವರಿಗೆ ಸುದ್ದಿ ಹೇಳತೊಡಗಿದಳು. ಮೊದಲ ನಂಬರು ಹುಳಿಯಾರಿನ ರಂಗಶಾಮಯ್ಯ ಎಂಬ ಮುದುಕರದು.

"ಇನ್ನೂ ಒಂದು ವರ್ಷ ಆಗುತ್ತೆ ಅಜ್ಜ, ತಪ್ಪು ತಿಳೀಬೇಡಿ."

"ಆಗ್ಲಿ ಬಿಡವ್ವ" ಎಂದಿತು ಆ ಕಡೆಯ ದನಿ. "ಪೇಪರ್ ದಿನಾ ತರುಸ್ತಾನೇ ಇದೀನಿ. ಕನ್ನಡಕ ಬಂದ್ಮೇಲೆ ಓದಾನ ಅಂತ ಕಟ್ಟು ಕಟ್ಟಿ ಇಟ್ಟಿದೀನಿ. ಇನ್ನೊಂದ್ ವರ್ಷದ್ದೂ ಇಡ್ತೀನಿ. ಮತ್ತೇನವ್ವ ಸಮಾಚಾರ? ಏನಾದ್ರೂ ಹೇಳು. ಈ ವಾರದಾಗೆ ಫೋನ್ ಮಾಡಿದ್ದು ನೀನೊಬ್ಳೇ."

ಆ ದನಿ ಟೀಚರಿಗೆ ಗೊತ್ತು. ಹೋಗಬೇಡ ಎನ್ನಲು ಬಾಯಿ ಬಾರದೆ ಬೇರೇನನ್ನೋ ಆಡುವ ದನಿ. ಅಂಥದೇ ದನಿ ಟೀಚರದೂ. ತನ್ನ ಒಂದು ಗುರುವಾರ ಉಳಿಸಿಕೊಳ್ಳಲು ಇಂಥ ನಲವತ್ತು ಜನರನ್ನು ಕತ್ತಲೆಯಲ್ಲಿ ಕೂರಿಸಿದೆನಲ್ಲ ಎಂದುಕೊಂಡರು.

ತಸ್ನೀಮ್ ಎರಡನೆಯ ನಂಬರು ಒತ್ತುವ ಮೊದಲೇ ಟೀಚರು ತಡಕಾಡಿ ಅವಳ ಕೈ ಹಿಡಿದರು.

"ಬಿಚ್ಚಬೇಡಮ್ಮ. ಅದರಲ್ಲಿ ದೋಷ ಇಲ್ಲ. ಐದು ತಿಂಗಳಿಂದ ಇಲ್ಲ. ನಾನು ಸುಳ್ಳು ಹೇಳ್ತಿದ್ದೆ."

"ಯಾಕೆ ಟೀಚರ್?"

"ನೀನು ಬರಲಿ ಅಂತ."

ತಸ್ನೀಮ್ ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಮತ್ತೆ ತಿರುಗಿಸಿ ಹಾಕಿದಳು. ಆಮೇಲೆ, "ಐದು ತಿಂಗಳು ನಾನೇ ದಡ್ಡಿ ಅಂದ್ಕೊಂಡಿದ್ದೆ" ಎಂದಳು. "ಬಾ ಅಂತ ಒಂದು ಮಾತು ಹೇಳಿದ್ರೆ ಸುಮ್ನೆ ಬರ್ತಿದ್ದೆ ಟೀಚರ್."

ಕನ್ನಡಕ ಎತ್ತಿಕೊಂಡು ಹೊರಟೇಹೋದಳು.

ನಲವತ್ತು ಕನ್ನಡಕಗಳು ನಲವತ್ತು ಮನೆ ಸೇರಿದವು. ಟೀಚರಿಗೂ ಒಂದು ಅಂಚೆಯಲ್ಲಿ ಬಂತು. ಅವರು ಪೇಪರನ್ನು ಮೊದಲಿಂದ ಕೊನೆಯವರೆಗೆ ಓದಿಸಿಕೊಂಡರು, ಕಡಲೆಬೇಳೆ ಪೊಟ್ಟಣವನ್ನೂ ಬಿಡಲಿಲ್ಲ. ಕನ್ನಡಕ ಒಂದೂ ತಪ್ಪು ಮಾಡಲಿಲ್ಲ. ಗುರುವಾರಗಳು ಬಂದವು, ಹೋದವು. ಗೇಟು ಸದ್ದು ಮಾಡಲಿಲ್ಲ.

ಆರನೆಯ ಗುರುವಾರ ಟೀಚರು ಫೋನು ಮಾಡಿದರು.

"ಏನು ಟೀಚರ್, ಕನ್ನಡಕ ಕೆಟ್ಟಿದೆಯಾ?" ಎಂದಳು ತಸ್ನೀಮ್. ದನಿಯಲ್ಲಿ ಇನ್ನೂ ಬಿಗುವಿತ್ತು.

ಹೌದು ಎಂದಿದ್ದರೆ ಅವಳು ನಾಳೆಯೇ ಬರಬೇಕಿತ್ತು, ಅದು ಅವಳ ಕೆಲಸ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಇಲ್ಲಮ್ಮ, ಚೆನ್ನಾಗಿ ಓದ್ತಾ ಇದೆ" ಎಂದರು ಟೀಚರು. "ನನಗೇ ಒಬ್ಬಳೇ ಇದ್ದು ಬೇಜಾರಾಗಿದೆ. ಬರ್ತೀಯಾ?"

ಆ ಕಡೆ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದಾಯಿತು.

"ಈ ವಾರ ಆಗಲ್ಲ ಟೀಚರ್. ಮುಂದಿನ ವಾರ ಭಾನುವಾರ ಬರ್ತೀನಿ. ಬರ್ಕೊಳ್ಳೋಕೆ ಪುಸ್ತಕ, ಪೆನ್ನು ಏನೂ ತರಲ್ಲ."

ಅದಕ್ಕಿನ್ನೂ ಹತ್ತು ದಿನವಿತ್ತು. ಟೀಚರು ಕಾದರು.

ನೀತಿ: ಒಂಟಿತನ ಕಾಡಿದಾಗ ನೆಪ ಹೂಡಬೇಡಿ, ಬಾಯಿಬಿಟ್ಟು ಕರೆಯಿರಿ. ಸುಳ್ಳು ಹೇಳಿ ಒಬ್ಬರನ್ನು ಹತ್ತಿರ ಉಳಿಸಿಕೊಂಡರೆ, ಅದರ ನಷ್ಟ ನಿಮ್ಮ ಹಾಗೆಯೇ ಒಂಟಿಯಾಗಿ ಕಾಯುತ್ತಿರುವ ಇನ್ಯಾರಿಗೋ ಆಗುತ್ತದೆ.