ಮೂವರ ಸೀಟು

ಕಿಕ್ಕಿರಿದ ಬಸ್ಸಿನಲ್ಲಿ, ಮೂವರ ಸೀಟಿನ ತುದಿಗೆ, ಟೀಚರ್ ಗಂಗವ್ವನವರ ಪಕ್ಕ ಅವರ ಇಂಗ್ಲಿಷ್ ನಿಘಂಟು ಕೂತಿತ್ತು. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದು, "ಅಕ್ಕಾರ, ಸ್ವಲ್ಪ ಅಡ್ಜಸ್ಟ್ ಮಾಡ್ರಿ" ಎಂದಳು.

ನಿಘಂಟು ಸೀಟಿಗೆ ಹೇಳಿತು: "ತಪ್ಪು ಬಳಕೆ. ಗಡಿಯಾರವನ್ನು ಅಡ್ಜಸ್ಟ್ ಮಾಡಬಹುದು, ಕನ್ನಡಕವನ್ನು ಮಾಡಬಹುದು. ಹೀಗೆ ಜಾಗ ಕೇಳುವ ಅರ್ಥ ನನ್ನಲ್ಲಿಲ್ಲ."

ಸೀಟು ಹೇಳಿತು: "ನಾನಿರುವುದು ಮೂವರಿಗೆ. ಆದರೂ ಆ ಮಾತು ಕೇಳಿದ ಮೇಲೆ ನಾಲ್ಕನೆಯವರನ್ನು ನಿಲ್ಲಿಸಿದ ದಿನವಿಲ್ಲ."

ಅಷ್ಟರಲ್ಲಿ ಗಂಗವ್ವನವರೂ ಅವರ ಆಚೆ ಕೂತಿದ್ದ ಇಬ್ಬರೂ ಒತ್ತಿ ಕೂತಿದ್ದರು. ಗಂಗವ್ವ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ತುದಿಯ ಜಾಗ ಬಿಟ್ಟುಕೊಟ್ಟರು. ಬಸ್ಸು ಊರು ದಾಟುವ ಹೊತ್ತಿಗೆ ಮಗು ತೂಕಡಿಸಿ, ವಾಲಿ, ನಿಘಂಟಿನ ಮೇಲೆಯೇ ತಲೆಯಿಟ್ಟು ಮಲಗಿತು.

ನಿಘಂಟು ಒಂದು ಹಾಳೆಯನ್ನೂ ಅಲುಗಿಸದೆ ಪಿಸುಗುಟ್ಟಿತು: "ಸೀಟಪ್ಪಾ, ಮುಂದೆ ರಸ್ತೆಯೆಲ್ಲ ಗುಂಡಿ. ಮಗು ಏಳದ ಹಾಗೆ ಸ್ವಲ್ಪ ಅಡ್ಜಸ್ಟ್ ಮಾಡು."